ವಾಚಿನ ಸೈಜು ನಿಮ್ಮಿಷ್ಟ.. ಬೆಲ್ಟು ಮಾತ್ರ ನಮ್ಮದು!

ಹೊಸ ಮಾಡೆಲ್ ಸ್ಮಾರ್ಟ್ ವಾಚು ಬಂದಾಗಲೆಲ್ಲ ನಮ್ಮ ಟೀಮಿನಲ್ಲಿ ಒಂದು ಜಗಳ ಗ್ಯಾರಂಟಿ. ಡಿಸೈನ್ ಬದಲಾಗ್ತಾನೇ ಇರ್ಬೇಕು, ಅದಕ್ಕೋಸ್ಕರ ಹಳೇ ಬೆಲ್ಟು ಕೂರದೇ ಹೋದ್ರೆ ಹೋಗಲಿ ಅನ್ನೋದು ಒಂದು ಗುಂಪು. "ಮೂವತ್ತು ಸಾವಿರ ಕೊಟ್ಟು ವಾಚು ತಗೊಳ್ಳೋನಿಗೆ ಎಂಟುನೂರು ರೂಪಾಯಿ ಬೆಲ್ಟಿನ ಚಿಂತೆ ಯಾಕಪ್ಪಾ?" ಅಂತ ಅವರ ವಾದ. ನಾನು ಇನ್ನೊಂದು ಗುಂಪು. ಗುಂಪು ಅಂದ್ರೆ ಸದ್ಯಕ್ಕೆ ನಾನೊಬ್ಬನೇ :-) ಟೀ ಬ್ರೇಕಿನಲ್ಲಿ ಹೇಳಿ ಮುಗಿಸೋಕೆ ಆಗದ್ದನ್ನ ಇಲ್ಲಿ ಬರೀತಾ ಇದೀನಿ, ಓದೋ ಕರ್ಮ ನಿಮ್ಮದು.

ಮೊದಲೇ ಹೇಳಿಬಿಡ್ತೀನಿ. ಸೈಜು ಬದಲಾಯಿಸೋದಕ್ಕೆ ನನ್ನ ತಕರಾರೇನಿಲ್ಲ. ಸ್ಕ್ರೀನು ದೊಡ್ಡದಾಗಲಿ, ವಾಚು ತೆಳ್ಳಗಾಗಲಿ, ದುಂಡಗಿದ್ದದ್ದು ಚೌಕ ಆಗಲಿ. ಆದರೆ ವಾಚೂ ಬೆಲ್ಟೂ ಸೇರೋ ಆ ಕೊಂಡಿ ಇದೆಯಲ್ಲ, ಅದರ ಮೇಲೆ ಕಂಪನಿಗೆ ಇರೋಷ್ಟೇ ಹಕ್ಕು ದುಡ್ಡು ಕೊಟ್ಟವನಿಗೂ ಇದೆ. ಅದನ್ನ ಮುರಿಯೋಕೆ ಹೊರಟವರು ಬಲವಾದ ಕಾರಣ ಕೊಡಬೇಕು, ಜೊತೆಗೆ ನಷ್ಟವನ್ನೂ ಹೊರಬೇಕು. ಇಷ್ಟೇ ನನ್ನ ವಾದ.

ವಾಚಿನ ವಿಷಯದಲ್ಲಿ ಬೆಂಗಳೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಬಿಡಿ. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾಗಿದ್ದು ಇಲ್ಲೇ. 1978ರಲ್ಲಿ ತುಮಕೂರಿನಲ್ಲೂ ಒಂದು ಬಂತು. ಜನತಾ, ಪೈಲಟ್, ಕೋಹಿನೂರ್.. ನಮ್ಮ ಅಪ್ಪಂದಿರ ಮದುವೆ ಫೋಟೋಗಳಲ್ಲಿ ಮುಖ ಮಸುಕಾಗಿದ್ರೂ ಕೈಯಲ್ಲಿರೋ ವಾಚು ಎದ್ದು ಕಾಣತ್ತೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನ ಮುಚ್ಚೋ ತೀರ್ಮಾನ ಮಾಡ್ತು. ಆದ್ರೆ ನಮ್ಮಪ್ಪನ ಕೀ ಕೊಡೋ ವಾಚಿಗೆ ಬೆಲ್ಟಿನ ಚಿಂತೆ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಜಯನಗರ 4ನೇ ಬ್ಲಾಕಿನಲ್ಲಿ ವಾಚ್ ರಿಪೇರಿಯವರ ಹತ್ರ ಹೋದ್ರೆ ಅವರು ಮಾಡೆಲ್ ಯಾವುದು ಅಂತ ಕೇಳೋದೂ ಇಲ್ಲ. ವಾಚು ಕೈಗೆ ತಗೊಂಡು ಅಗಲ ನೋಡ್ತಾರೆ, "ಹದಿನೆಂಟು" ಅಂತಾರೆ, ಡಬ್ಬಿಯಿಂದ ಒಂದು ಬೆಲ್ಟು ತೆಗೀತಾರೆ. ಎರಡು ಕಡೆ ಸಣ್ಣ ತೂತು, ಮಧ್ಯೆ ಸ್ಪ್ರಿಂಗ್ ಇರೋ ಒಂದು ಪಿನ್ನು. ಮುಗೀತು.

ಆ ಪಿನ್ನು ಯಾವ ಕಂಪನಿಯ ಸ್ವಂತ ಆಸ್ತಿಯೂ ಅಲ್ಲ. ಕೀ ಕೊಡೋ ವಾಚು ಹೋಗಿ ಸೆಲ್ ಹಾಕೋ ಕ್ವಾರ್ಟ್ಜ್ ವಾಚು ಬಂತು. ಒಳಗಿನ ಮಿಷಿನ್ನೇ ಪೂರ್ತಿ ಬದಲಾಯ್ತು, ಪಿನ್ನು ಹಾಗೇ ಉಳೀತು. (ಅದರದ್ದೇ ಚೈನು ಅಂಟಿಕೊಂಡು ಬರೋ ಕೆಲವು ಮಾಡೆಲ್‌ಗಳನ್ನ ಬಿಡಿ, ಅವು ಆಗಲೂ ತಲೆನೋವೇ.) ಒಳಗಡೆ ಏನು ಬೇಕಾದ್ರೂ ಬದಲಾಯಿಸು, ಹೊರಗಿನ ಜಗತ್ತಿನ ಜೊತೆ ಸೇರೋ ಜಾಗ ಮಾತ್ರ ಮುಟ್ಟಬೇಡ ಅನ್ನೋದನ್ನ ನಮಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೆಮಿಸ್ಟರ್ ಪೂರ್ತಿ ಹೇಳಿಕೊಟ್ರು. ವಾಚಿನವರಿಗೆ ಅದು ಯಾವತ್ತೋ ಗೊತ್ತಿತ್ತು!

ಸ್ಮಾರ್ಟ್ ವಾಚಿಗೂ ಇದು ಅಸಾಧ್ಯ ಏನಲ್ಲ. ಪೆಬಲ್ ಅಂತ ಒಂದು ವಾಚಿತ್ತು, ನೆನಪಿದೆಯಾ? 2016ರಲ್ಲಿ ಆ ಕಂಪನಿ ಬಾಗಿಲು ಹಾಕ್ತು. ಆದರೆ ಅವರ ಮೊದಲ ಮಾಡೆಲ್ಲಿಗೆ ಇದ್ದದ್ದು ಸಾಮಾನ್ಯ 22 ಮಿ.ಮೀ. ಬೆಲ್ಟು. ಹಾಗಾಗಿ ಆ ವಾಚನ್ನ ಇಟ್ಟುಕೊಂಡವರು ಇವತ್ತಿಗೂ ಯಾವ ಅಂಗಡಿಯ ಬೆಲ್ಟಾದ್ರೂ ಹಾಕ್ಕೋಬಹುದು. ಎಚ್‌ಎಂಟಿ ಕಥೆಯೇ ಮತ್ತೆ. ಕಂಪನಿ ಹೋಯ್ತು, ವಾಚು ಕೈಯಲ್ಲೇ ಉಳೀತು.

ಈಗ ಉಳಿದವರನ್ನ ನೋಡೋಣ. ಆಪಲ್ 2015ರಲ್ಲಿ ಶುರು ಮಾಡಿದ್ದು 38 ಮತ್ತು 42 ಮಿ.ಮೀ. ಸೈಜಿನಲ್ಲಿ. 2018ರಲ್ಲಿ 40-44, 2021ರಲ್ಲಿ 41-45, 2024ರಲ್ಲಿ 42-46. ಮೂರು ಸಲ ಸೈಜು ಬದಲಾಯ್ತು, ಆದರೂ ಚಿಕ್ಕದರ ಹಳೇ ಬೆಲ್ಟು ಹೊಸ ಚಿಕ್ಕದಕ್ಕೆ, ದೊಡ್ಡದರದ್ದು ದೊಡ್ಡದಕ್ಕೆ ಕೂರತ್ತೆ. 2024ರ ಮಾಡೆಲ್ಲಿಗೆ ಕೊಂಡಿಯನ್ನೇ ಬದಲಾಯಿಸ್ತಾರೆ ಅಂತ ಹಿಂದಿನ ವರ್ಷವೇ ಸುದ್ದಿ ಹಬ್ಬಿತ್ತು, ಹಾಗಾಗಲಿಲ್ಲ. ಒಂದೇ ತಮಾಷೆ ಅಂದ್ರೆ 2015ರಲ್ಲಿ 42 ಅಂದ್ರೆ ದೊಡ್ಡ ವಾಚು, 2024ರಲ್ಲಿ 42 ಅಂದ್ರೆ ಚಿಕ್ಕದು. ಹಳೇ 42ರ ಬೆಲ್ಟು ಹೊಸ 42ಕ್ಕೆ ಆಗಲ್ಲ, 46ಕ್ಕೆ ಆಗತ್ತೆ! ಆಪಲ್ ಅನ್ನ ಹೊಗಳೋದು ನನ್ನ ಉದ್ದೇಶ ಅಲ್ಲ. ಅವರ ಕೊಂಡಿಯೂ ಅವರದ್ದೇ, ಊರಿನದ್ದಲ್ಲ. ಆದರೆ ಸೈಜು ಬದಲಾಗಬೇಕಾದ್ರೆ ಬೆಲ್ಟು ಹಾಳಾಗಲೇಬೇಕು ಅನ್ನೋದು ಸುಳ್ಳು ಅಂತ ತೋರಿಸೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇನ್ನೊಂದು ಕಡೆ ಫಿಟ್‌ಬಿಟ್ 2020ರಲ್ಲಿ ವರ್ಸಾ 3 ತಂದಾಗ ಕೊಂಡಿ ಬದಲಾಯಿಸ್ತು, ವರ್ಸಾ 2ರ ಬೆಲ್ಟುಗಳು ಡ್ರಾಯರ್ ಸೇರಿದ್ವು. ಗೂಗಲ್ 2024ರಲ್ಲಿ ಪಿಕ್ಸೆಲ್ ವಾಚ್ 3ರ 45 ಮಿ.ಮೀ. ಮಾಡೆಲ್ ತಂತು, 41ರ ಬೆಲ್ಟು ಅದಕ್ಕೆ ಕೂರಲ್ಲ. ನನಗೆ ಜಾಸ್ತಿ ಬೇಜಾರಾಗಿದ್ದು ಸ್ಯಾಮ್‌ಸಂಗ್ ವಿಷಯದಲ್ಲಿ. 2021ರ ಗ್ಯಾಲಕ್ಸಿ ವಾಚ್ 4ರಿಂದ 2024ರ ವಾಚ್ 7ರವರೆಗೆ ಊರಿಗೆಲ್ಲ ಗೊತ್ತಿರೋ 20 ಮಿ.ಮೀ. ಪಿನ್ನು ಇತ್ತು. 2025ರ ವಾಚ್ 8ರಲ್ಲಿ ಅದನ್ನ ತೆಗೆದು ತಮ್ಮದೇ ಕೊಂಡಿ ಹಾಕಿದ್ರು. ಮೊದಲಿಂದಾನೂ ಬೇಲಿ ಹಾಕಿಕೊಂಡವನದ್ದು ಒಂದು ಥರ. ಎಲ್ಲರೂ ಓಡಾಡ್ತಾ ಇದ್ದ ದಾರಿಗೆ ನಡುವೆ ಬಂದು ಬೇಲಿ ಹಾಕೋದು ಇನ್ನೊಂದು ಥರ.

"ಬೆಲ್ಟು ಫ್ಯಾಶನ್ ವಿಷಯ, ಅದಕ್ಯಾಕೆ ಇಷ್ಟು ರಾಮಾಯಣ?" ಅನ್ನೋರಿಗೆ ನಮ್ಮ ಅಮ್ಮನ ಕಥೆ ಹೇಳ್ತೀನಿ. (ಕಂಪನಿ ಹೆಸರು ಬೇಡ. ಮೇಲೆ ಹೆಸರು ಹೇಳಿದ ಯಾರೂ ಅಲ್ಲ.) ಅಮ್ಮ ವಾಕಿಂಗ್ ಶುರು ಮಾಡಿದಾಗ ಒಂದು ಸ್ಮಾರ್ಟ್ ವಾಚು ಕೊಡಿಸಿದ್ದೆ. ಅದರ ಜೊತೆ ಬಂದ ರಬ್ಬರಿನಂಥ ಬೆಲ್ಟಿಗೆ ಬೆವರು ಸೇರಿ ಮಣಿಕಟ್ಟಿನ ಸುತ್ತ ಕೆಂಪಗೆ ಗುಳ್ಳೆ ಎದ್ದು ನವೆ ಶುರುವಾಯ್ತು. ಬಟ್ಟೆಯ ಬೆಲ್ಟು ಮೂರು ತಂದುಕೊಟ್ಟೆ, ಸರಿಹೋಯ್ತು. ಒಂದು ಒಗೆಯೋಕೆ, ಒಂದು ಒಣಗೋಕೆ, ಒಂದು ಕೈಗೆ. ಎರಡು ವರ್ಷಕ್ಕೆ ಬ್ಯಾಟರಿ ಕೈಕೊಡ್ತು, ರಿಪೇರಿಗೆ ಹೊಸ ವಾಚಿನಷ್ಟೇ ದುಡ್ಡು ಕೇಳಿದ್ರು. ಅದೇ ಕಂಪನಿಯ ಹೊಸ ಮಾಡೆಲ್ ನೋಡೋಣ ಅಂತ ಹೋದ್ರೆ ಕೊಂಡಿ ಬೇರೆ! ಬೆಲ್ಟು ಆ ರಬ್ಬರಿನಂಥದ್ದು ಒಂದೇ. "ಬೇರೆ ಬೆಲ್ಟು ಬರತ್ತೆ ಸಾರ್, ಯಾವಾಗ ಅಂತ ಗೊತ್ತಿಲ್ಲ" ಅಂದ ಅಂಗಡಿ ಹುಡುಗ. ಅಮ್ಮ ಒಂದೇ ಮಾತು ಕೇಳಿದ್ರು, "ಬೆಲ್ಟಿಗೆ ತಕ್ಕಂಗೆ ಕೈ ಬದಲಾಯಿಸಿಕೊಳ್ಳೋಕೆ ಆಗತ್ತೇನೋ?"

ವಾಚಿನಲ್ಲಿ ಬೇರೆ ಏನೇ ಇದ್ರೂ ದಿನಪೂರ್ತಿ ಕೈಸುತ್ತ ಚರ್ಮಕ್ಕೆ ಅಂಟಿಕೊಂಡಿರೋದು ಬೆಲ್ಟು. ಚರ್ಮ, ಮಣಿಕಟ್ಟಿನ ದಪ್ಪ, ಬೆವರು ಎಲ್ಲ ಒಬ್ಬೊಬ್ಬರದ್ದು ಒಂದೊಂದು ಥರ. ಇದನ್ನೆಲ್ಲ ಒಂದು ಕಂಪನಿಯ ಡಿಸೈನ್ ಟೀಮು ಊಹಿಸೋಕೆ ಸಾಧ್ಯಾನೇ ಇಲ್ಲ. ಊರಿನ ಸಾವಿರ ಬೆಲ್ಟು ಮಾಡೋರಿಗೆ ಬಿಟ್ರೆ ಮಾತ್ರ ಎಲ್ಲರ ಕೈಗೂ ಒಂದು ಬೆಲ್ಟು ಸಿಗೋದು.

ಕಂಪನಿಗಳ ಕಡೆಯಿಂದ ಒಂದು ಗಟ್ಟಿ ವಾದ ಇದೆ, ಅದನ್ನ ಮುಚ್ಚಿಡಲ್ಲ. ಹೃದಯ ಬಡಿತ ಅಳೆಯೋ ಸೆನ್ಸರ್ ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ವಾಪಸ್ ಬರೋ ಬೆಳಕಿನ ಏರಿಳಿತ ನೋಡಿ ಲೆಕ್ಕ ಹಾಕತ್ತೆ. ವಾಚು ಸಡಿಲ ಇದ್ರೆ ಹೊರಗಿನ ಬೆಳಕು ನುಗ್ಗಿ, ಕೈ ಅಲ್ಲಾಡಿ ಲೆಕ್ಕ ತಪ್ಪತ್ತೆ. ಹೊಸ ಕೊಂಡಿಯಿಂದ ವಾಚು ಚರ್ಮಕ್ಕೆ ಚೆನ್ನಾಗಿ ಕೂರತ್ತೆ ಅಂತಾರೆ. ಸರಿ, ಒಪ್ಪಿದೆ. ಆದರೆ ಚೆನ್ನಾಗಿ ಕೂರೋ ಕೊಂಡಿ ಕಂಡುಹಿಡಿದ್ರೆ ಅದರ ಅಳತೆ ನಕ್ಷೆಯನ್ನ ಎಲ್ಲರಿಗೂ ಕೊಡೋಕೆ ಏನು ಕಷ್ಟ? ಆ ನಕ್ಷೆ ಕೊಟ್ರೆ ಸೆನ್ಸರ್ ಏನು ಕೆಟ್ಟುಹೋಗಲ್ಲವಲ್ಲ!

ಈ ಮಾತು ಕನ್ನಡದಲ್ಲಿ ಬರೆಯೋ ನಮಗೆ ಬೇಗ ಅರ್ಥ ಆಗಬೇಕು. ಶ್ರೀಲಿಪಿ, ಆಕೃತಿ, ನುಡಿ ಕಾಲ ನೆನಪಿಸಿಕೊಳ್ಳಿ. ಒಂದರಲ್ಲಿ ಟೈಪ್ ಮಾಡಿದ ಫೈಲು ಇನ್ನೊಂದರಲ್ಲಿ ತೆರೆದ್ರೆ ಬರೀ ಕಾಗೆ ಕಾಲು ಗುಬ್ಬಿ ಕಾಲು. ಅಕ್ಷರ ನಮ್ಮದು, ಕೋಡು ಅವರದ್ದು. ಯುನಿಕೋಡಿಗೆ ಬಂದಾಗ ಹಳೇ ಫೈಲುಗಳೆಲ್ಲ ಒಂದೇ ಏಟಿಗೆ ಹಳತಾದ್ವು, ಅದೂ ಒಂದು ಮುರಿಯೋ ಕೆಲಸವೇ. ಆದರೂ ನಾವು ಖುಷಿಯಿಂದ ಒಪ್ಪಿಕೊಂಡ್ವಿ. ಯಾಕೆ? ಮುರಿದದ್ದು ಬೇಲಿಯನ್ನ, ಬಂದದ್ದು ಎಲ್ಲರ ದಾರಿ. ಹಳೇದನ್ನ ಹೊಸದಕ್ಕೆ ಬದಲಾಯಿಸೋ ಕನ್ವರ್ಟರ್‌ಗಳೂ ಇದ್ವು. ಇವತ್ತು ವಾಚಿನವರು ಮಾಡ್ತಿರೋದು ಇದರ ಉಲ್ಟಾ. ಯುನಿಕೋಡ್ ಬಿಟ್ಟು ಮತ್ತೆ ಸ್ವಂತ ಫಾಂಟಿಗೆ ಹೋಗೋ ಕೆಲಸ.

ಹಾಗಾದ್ರೆ ನಾನು ಕೇಳೋದೇನು? ಸೈಜು ಎಷ್ಟು ಸಲ ಬೇಕಾದ್ರೂ ಬದಲಾಯಿಸಿ. ಕೊಂಡಿ ಬದಲಾಯಿಸಲೇಬೇಕಾದ್ರೆ ಹಳೇ ಬೆಲ್ಟು ಸಿಕ್ಕಿಸೋ ಅಡಾಪ್ಟರ್ ಒಂದನ್ನ ಡಬ್ಬದಲ್ಲೇ ಹಾಕಿಕೊಡಿ, ಅಳತೆ ನಕ್ಷೆ ಬಹಿರಂಗ ಮಾಡಿ. ಯಾವ ಬೆಲ್ಟು ಕೂರತ್ತೆ, ಯಾವುದು ಕೂರಲ್ಲ ಅನ್ನೋದನ್ನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೀರಿ. ಆಫೀಸಿನಲ್ಲಿ ನಾವು ಒಂದು ಎಪಿಐ ಬದಲಾಯಿಸಬೇಕಾದ್ರೆ ಆರು ತಿಂಗಳು ಮುಂಚೆ ನೋಟಿಸ್ ಕೊಟ್ಟು, ಹಳೇದನ್ನೂ ಓಡಿಸ್ತಾ, ಕ್ಲೈಂಟಿನ ಕಾಲು ಹಿಡೀತೀವಿ. ಕ್ಲೈಂಟಿಗೆ ಸಿಗೋ ಮರ್ಯಾದೆ ಎಂಟುನೂರು ರೂಪಾಯಿ ಬೆಲ್ಟು ಕೊಂಡವರಿಗೂ ಸಿಗಲಿ.

ಕಂಪನಿಗಳು ಕೊಡೋವರೆಗೆ ನಾವು ಮಾಡಬಹುದಾದ್ದೂ ಒಂದಿದೆ. ಮಾರ್ಕೆಟ್ಟಿನಲ್ಲಿ 20, 22 ಮಿ.ಮೀ. ಸಾಮಾನ್ಯ ಬೆಲ್ಟು ಕೂರೋ ಸ್ಮಾರ್ಟ್ ವಾಚುಗಳಿಗೆ ಬರ ಬಂದಿಲ್ಲ. ಮುಂದಿನ ಸಲ ತಗೊಳ್ಳುವಾಗ ಬ್ಯಾಟರಿ ಎಷ್ಟು ದಿನ, ಸ್ಕ್ರೀನ್ ಎಷ್ಟು ಅಂತ ಕೇಳೋದಕ್ಕೆ ಮುಂಚೆ "ಪಿನ್ನು ಎಷ್ಟು ಮಿ.ಮೀ.?" ಅಂತ ಕೇಳಿ. ಹತ್ತು ಜನ ಕೇಳಿದ್ರೆ ಅಂಗಡಿ ಹುಡುಗ ಉತ್ತರ ಕಲೀತಾನೆ. ಹತ್ತು ಸಾವಿರ ಜನ ಕೇಳಿದ್ರೆ ಕಂಪನಿ ಕಲಿಯತ್ತೆ.

ನಿಮ್ಮ ಡ್ರಾಯರಿನಲ್ಲಿ ಯಾವುದಕ್ಕೂ ಕೂರದ ಬೆಲ್ಟು ಎಷ್ಟಿದೆ, ಎಣಿಸಿ ಹೇಳ್ತೀರಾ? ನಮ್ಮ ಮನೆಯಲ್ಲಿ ಮೂರು.