ಅಮ್ಮನ ಹೊತ್ತಿಗೆ ಎಷ್ಟು ರೊಕ್ಕ?



ಯುಗಾದಿ ಊಟದ ದಿನ ನನ್ನ ಹೆಂಡತಿ ಮಾಡಿ ತಂದಿದ್ದ ಶೇಂಗಾ ಹೋಳಿಗೆಯನ್ನು ನಿಮ್ಮಲ್ಲಿ ಬಹಳ ಜನ ತಿಂದಿದ್ದೀರಿ. ತಿಂದವರಲ್ಲಿ ಕಡಿಮೆಯೆಂದರೂ ಆರು ಮಂದಿ ಅವಳಿಗೆ ಒಂದೇ ಮಾತು ಹೇಳಿದಿರಿ: "ಇಷ್ಟು ಚೆನ್ನಾಗಿ ಮಾಡ್ತೀರಲ್ಲ, ಮನೇಲೇ ಒಂದು ಬಿಸಿನೆಸ್ ಶುರು ಮಾಡಬಾರದಾ? ಮಕ್ಕಳನ್ನೂ ನೋಡ್ಕೋಬಹುದು, ನಾಲ್ಕು ಕಾಸೂ ಆಗುತ್ತೆ." ಪ್ರೀತಿಯಿಂದಲೇ ಹೇಳಿದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಮಾತು ನಮ್ಮ ಮನೆಯಲ್ಲಿ ಎರಡು ತಿಂಗಳು ನಿದ್ದೆ ಕೆಡಿಸಿತು. ಅದಕ್ಕೇ ಈ ಬಾರಿಯ ಪತ್ರಿಕೆಗೆ ನಾನು ಸಾಫ್ಟ್‌ವೇರ್ ಬಿಟ್ಟು ಹೋಳಿಗೆಯ ಬಗ್ಗೆ ಬರೆಯುತ್ತಿದ್ದೇನೆ.

ಅವತ್ತು ಕಾರಿನಲ್ಲಿ ಸ್ಪ್ರಿಂಗ್ ವ್ಯಾಲಿಗೆ ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರಿಗೂ ನಿದ್ದೆ. ನನ್ನಾಕೆ ಮೆಲ್ಲಗೆ ಕೇಳಿದಳು: "ಒಂದ್ಸಲ ಲೆಕ್ಕಾ ಹಾಕಿ ನೋಡ್ತೀರೇನು?" ಅವಳು ಎಂ.ಕಾಂ. ಓದಿದವಳು. ಹುಬ್ಬಳ್ಳಿಯಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಲೆಕ್ಕ ನನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ. ಆದರೂ ಎಂಜಿನಿಯರ್ ಗಂಡ ಸುಮ್ಮನಿರುತ್ತಾನೆಯೇ? ಆ ರಾತ್ರಿಯೇ ಎಕ್ಸೆಲ್ ತೆರೆದು ಕೂತೆ.

50 ಹೋಳಿಗೆಯ ಲೆಕ್ಕ. ಶೇಂಗಾ, ಎಳ್ಳು, ಪಾರ್ಕ್‌ಲ್ಯಾಂಡ್ಸ್ ಅಂಗಡಿಯ ಬೆಲ್ಲ, ಮೈದಾ, ತುಪ್ಪ, ಗ್ಯಾಸು, ಡಬ್ಬಿ ಎಲ್ಲ ಸೇರಿ ಒಂದಕ್ಕೆ 38 ಶಿಲ್ಲಿಂಗ್ ಬಿತ್ತು. 60ಕ್ಕೆ ಮಾರಿದರೆ ಒಂದಕ್ಕೆ 22 ಉಳಿತಾಯ, ಒಟ್ಟು 1,100 ಶಿಲ್ಲಿಂಗ್ ಲಾಭ. ಕೆಳಗೆ ಹಸಿರು ಬಣ್ಣ ತುಂಬಿ, ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿ, "ನೋಡು, ನಡೀತದ!" ಅಂದೆ. ಅವಳು ಮೇಲಿಂದ ಕೆಳಗಿನವರೆಗೆ ನೋಡಿ ಒಂದೇ ಪ್ರಶ್ನೆ ಕೇಳಿದಳು:

"ಇದರಾಗ ನಾ ಎಲ್ಲಿ ಅದೇನಿ, ತೋರ್ಸ್ರಿ."

ಇರಲಿಲ್ಲ. ಗ್ಯಾಸಿಗೆ ಒಂದು ಸಾಲು ಇತ್ತು, ಡಬ್ಬಿಗೆ ಒಂದು ಸಾಲು ಇತ್ತು, ಹೋಳಿಗೆ ಮಾಡುವವಳಿಗೆ ಇರಲಿಲ್ಲ. ಶೇಂಗಾ ಹುರಿದು ಸಿಪ್ಪೆ ತೆಗೆಯುವುದರಿಂದ ಹಿಡಿದು ಪಾತ್ರೆ ತೊಳೆದು ಡಬ್ಬಿ ಕಟ್ಟುವವರೆಗೆ ಆರು ಗಂಟೆ ಕೆಲಸ. ಗಂಟೆಗೆ 300 ಶಿಲ್ಲಿಂಗ್ ಹಾಕಿದರೆ 1,800. ಹಸಿರು ಹೋಗಿ ಕೆಂಪು ಬಂತು, 700 ಶಿಲ್ಲಿಂಗ್ ನಷ್ಟ. ಆಫೀಸಿನಲ್ಲಿ ಒಂದು ಸಣ್ಣ ಬಗ್ ಸರಿಪಡಿಸುವುದಕ್ಕೂ ಎಷ್ಟು ಗಂಟೆ ಎಂದು ಟೈಮ್‌ಶೀಟ್ ತುಂಬುವ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಲೆಕ್ಕ ಸರಿಯಾಗಬೇಕಾದರೆ ಒಂದು ಹೋಳಿಗೆ 74ಕ್ಕೆ ಮಾರಿದರೂ ಬರಿಯ ಅಸಲು. ತೆರಿಗೆ, ಸಾಗಣೆ ಸೇರಿಸಿದರೆ 85. ಆ ಬೆಲೆ ಕೇಳಿದರೆ ನಮ್ಮ ಜನ ಏನನ್ನುತ್ತಾರೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಇಲ್ಲಿ ನನ್ನ ಅವ್ವನ ವಿಷಯ ಹೇಳಲೇಬೇಕು. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಅವ್ವ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ನಾನು ಎಚ್ಚರಾಗುತ್ತಿದ್ದುದೇ ರೊಟ್ಟಿಯ ಸಪ್ಪಳಕ್ಕೆ. ಒಲೆಯ ಪಕ್ಕದಲ್ಲೇ ಕೂತು ಮಗ್ಗಿ ಹೇಳಬೇಕು, ತಪ್ಪಿದರೆ ಹಿಟ್ಟಿನ ಕೈಯಿಂದಲೇ ಒಂದು ಏಟು. ನನ್ನ ಎಂಜಿನಿಯರಿಂಗ್ ಫೀಸಿನಲ್ಲಿ ಅಪ್ಪನ ಪಗಾರದಷ್ಟೇ ಆ ರೊಟ್ಟಿಯ ಪಾಲೂ ಇದೆ. ಮೊನ್ನೆ ಫೋನ್ ಮಾಡಿ ಕೇಳಿದೆ: "ಅವ್ವಾ, ದಿನಕ್ಕ ಎಷ್ಟ್ ರೊಟ್ಟಿ, ಎಷ್ಟ್ ತಾಸು?" ದಿನಕ್ಕೆ ನೂರು, ಹಬ್ಬದಲ್ಲಿ ನೂರೈವತ್ತು, ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ಎಂಟರವರೆಗೆ, ಮತ್ತೆ ಸಂಜೆ ಒಂದಷ್ಟು. ಹನ್ನೊಂದು ವರ್ಷ. "ನಿನ್ನ ಕೂಲಿ ಎಷ್ಟ್ ಹಿಡೀತಿದ್ದಿ?" ಎಂದರೆ ನಕ್ಕುಬಿಟ್ಟಳು. "ನಂದ ಕೈ, ನಂದ ಒಲಿ. ಅದಕ್ಕೇನ್ ರೊಕ್ಕಾ ಹಿಡಿಯೋದಪಾ?"

ಖಾನಾವಳಿಯವರಿಗೆ ರೊಟ್ಟಿ ಅಗ್ಗಕ್ಕೆ ಸಿಗುತ್ತಿದ್ದುದು ಜೋಳ ಅಗ್ಗ ಎಂದಲ್ಲ, ಅವ್ವನ ನಸುಕು ಪುಕ್ಕಟೆ ಎಂದು. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಅಗ್ಗದ ರೊಟ್ಟಿಯಿಂದಲೇ ನಾನು ಇಲ್ಲಿಯವರೆಗೆ ಬಂದೆ.

ಬೇರೆ ರೀತಿ ಮಾಡಲು ಸಾಧ್ಯವೇ ಇರಲಿಲ್ಲವೇ? ಇತ್ತು. ಲಿಜ್ಜತ್ ಪಾಪಡ್ ಎಲ್ಲರಿಗೂ ಗೊತ್ತು. 1959ರ ಮಾರ್ಚ್‌ನಲ್ಲಿ ಮುಂಬೈಯ ಗಿರ್ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಮನೆಯ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು ಎಂಬ ಕಥೆಯನ್ನು ಎಲ್ಲ ಕಡೆ ಹೇಳುತ್ತಾರೆ. (ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.) ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ವ್ಯವಸ್ಥೆ. ಹಿಟ್ಟು ಶಾಖೆಯಲ್ಲಿ ನಾದಿ ಸಿದ್ಧವಾಗುತ್ತದೆ. ಸದಸ್ಯೆಯರು ಬೆಳಿಗ್ಗೆ ಬಂದು ಅದನ್ನು ತೂಗಿಸಿಕೊಂಡು ಮನೆಗೆ ಒಯ್ಯುತ್ತಾರೆ, ಮಕ್ಕಳು ಮರಿ ನೋಡಿಕೊಂಡೇ ಲಟ್ಟಿಸಿ ಒಣಗಿಸುತ್ತಾರೆ, ಮರುದಿನ ಹಪ್ಪಳ ಒಪ್ಪಿಸಿ ಲಟ್ಟಿಸಿದ ಕೂಲಿ ಪಡೆಯುತ್ತಾರೆ. ಲಾಭದ ಪಾಲು ಅದರ ಮೇಲೆ, ಬೇರೆ. ಅಂದರೆ ಅಲ್ಲಿ ಅಮ್ಮನ ಹೊತ್ತಿಗೆ ಒಂದು ರೇಟು ಇದೆ. ಹೆಂಗಸರ ಮನೆಗೆಲಸದ ಪಕ್ಕದಲ್ಲೇ ಇಷ್ಟು ದೊಡ್ಡ ವ್ಯಾಪಾರ ಬೆಳೆದದ್ದು ಅದಕ್ಕೇ ಎಂದು ನನ್ನ ಅಭಿಪ್ರಾಯ.

ಸರಿ, 85 ಶಿಲ್ಲಿಂಗ್‌ಗೇ ಮಾರೋಣ ಎಂದರೆ ನೈರೋಬಿಯಲ್ಲಿ ಮುಂದಿನ ಗೋಡೆ ಎದುರಾಗುತ್ತದೆ. ನನಗೆ ಕಂಪನಿ ಕೊಡಿಸಿರುವುದು ಕ್ಲಾಸ್ ಡಿ ವರ್ಕ್ ಪರ್ಮಿಟ್. ಹೆಂಡತಿ ಮಕ್ಕಳು ನನ್ನ ಹೆಸರಿನ ಮೇಲೆ ಡಿಪೆಂಡೆಂಟ್ ಪಾಸಿನಲ್ಲಿದ್ದಾರೆ. ಆ ಪಾಸಿನಲ್ಲಿ ನೌಕರಿಯೂ ಇಲ್ಲ, ವ್ಯಾಪಾರವೂ ಇಲ್ಲ. ಸ್ವಂತ ವ್ಯಾಪಾರಕ್ಕೆ ಕ್ಲಾಸ್ ಜಿ ಪರ್ಮಿಟ್ ಬೇಕು, ಅದಕ್ಕೆ 1 ಲಕ್ಷ ಅಮೆರಿಕನ್ ಡಾಲರ್ ಬಂಡವಾಳ ತೋರಿಸಬೇಕು. ಡಾಲರಿಗೆ ಸುಮಾರು 130 ಶಿಲ್ಲಿಂಗ್ ಎಂದರೂ 1 ಕೋಟಿ 30 ಲಕ್ಷ ಶಿಲ್ಲಿಂಗ್. 85ರ ಲೆಕ್ಕದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೋಳಿಗೆ! ಇಡೀ ಪಾರ್ಕ್‌ಲ್ಯಾಂಡ್ಸ್ ತಿಂದರೂ ಮುಗಿಯಲಿಕ್ಕಿಲ್ಲ. ನಿಯಮ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಕಾರ್ಖಾನೆ ಹಾಕಲು ಬರುವ ಪರದೇಶಿ, ಮೂರು ವರ್ಷದ ಮಗುವನ್ನು ಮಲಗಿಸಿ ಹೋಳಿಗೆ ಲಟ್ಟಿಸುವವಳಲ್ಲ. ದೇಶ ಅವರದು, ನಿಯಮವೂ ಅವರದು, ದೂರುವುದಿಲ್ಲ. ಅಮೆರಿಕದಲ್ಲಿಯೂ ಎಚ್-4 ವೀಸಾದಲ್ಲಿದ್ದ ನಮ್ಮ ಅಕ್ಕತಂಗಿಯರು 2015ರ ಮೇ ತಿಂಗಳವರೆಗೆ ಹೀಗೇ ಕೈಕಟ್ಟಿ ಕೂತಿದ್ದರು. ಆಮೇಲೂ ಎಲ್ಲರಿಗೂ ಅನುಮತಿ ಸಿಗಲಿಲ್ಲ, ಗ್ರೀನ್ ಕಾರ್ಡ್ ದಾರಿಯಲ್ಲಿ ಒಂದು ಹಂತ ದಾಟಿದವರ ಹೆಂಡತಿ-ಗಂಡಂದಿರಿಗೆ ಮಾತ್ರ. ನನ್ನ ತಕರಾರು ಇಷ್ಟೇ: "ಸುಮ್ನೆ ಶುರು ಮಾಡ್ಬಿಡಿ, ಯಾರು ಕೇಳ್ತಾರೆ" ಎಂದು ಹೇಳಬೇಡಿ. ಕೇಳಿದ ದಿನ ತೊಂದರೆಗೆ ಸಿಕ್ಕುವವಳು ಹೋಳಿಗೆ ಮಾಡಿದವಳು, ಉಪದೇಶ ಮಾಡಿದವರಲ್ಲ.

ಹಾಗಾಗಿ ನನ್ನಾಕೆಯ ವ್ಯಾಪಾರ ಎಕ್ಸೆಲ್ ಶೀಟಿನಲ್ಲೇ ಉಳಿದಿದೆ. ಅವಳು ಬೇಸರ ತೋರಿಸುವುದಿಲ್ಲ. ಆದರೆ ಅಂಗಡಿಗೆ ಹೋದಾಗ ಜೋಳದ ಹಿಟ್ಟಿನ ಪ್ಯಾಕೆಟ್ (ಇಲ್ಲಿ ಮ್ತಾಮಾ ಎನ್ನುತ್ತಾರೆ) ಕೈಗೆತ್ತಿಕೊಂಡು ಬೆಲೆ ನೋಡಿ, ಮನಸ್ಸಿನಲ್ಲೇ ಏನೋ ಗುಣಿಸಿ, ವಾಪಸ್ ಇಡುವುದನ್ನು ನಾನು ನೋಡಿದ್ದೇನೆ.

ಕಾಗದಪತ್ರ ಸರಿಯಿರುವವರ ಕಥೆಯಾದರೂ ಸುಲಭವೇ? ನಮ್ಮ ಸಂಘದಲ್ಲೇ ಒಬ್ಬ ಅಕ್ಕ ಇದ್ದಾರೆ, ಹೆಸರು ಬೇಡ ಎಂದಿದ್ದಾರೆ. ಕೀನ್ಯಾದ ಪೌರತ್ವ ಇರುವವರು, ಎರಡು ಮಕ್ಕಳ ತಾಯಿ, ಊಟದ ಆರ್ಡರ್ ತೆಗೆದುಕೊಳ್ಳುತ್ತಾರೆ. ಕೌಂಟಿಯ ಬಿಸಿನೆಸ್ ಪರ್ಮಿಟ್ ಇದೆ, ಅಡುಗೆಯವರ ಆರೋಗ್ಯ ತಪಾಸಣೆಯ ಸರ್ಟಿಫಿಕೇಟ್ ಇದೆ, ಟರ್ನ್‌ಓವರ್ ಟ್ಯಾಕ್ಸ್ ಕಟ್ಟುತ್ತಾರೆ. ಈ ತೆರಿಗೆ ವರ್ಷಕ್ಕೆ 10 ಲಕ್ಷದಿಂದ 2.5 ಕೋಟಿ ಶಿಲ್ಲಿಂಗ್ ವಹಿವಾಟಿನವರಿಗೆ; 2023ರಲ್ಲಿ ಶೇಕಡಾ 1ರಿಂದ 3ಕ್ಕೆ ಏರಿತು. ಗಮನಿಸಿ, ಅದು ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ನಷ್ಟವಾದರೂ ಕಟ್ಟಬೇಕು. ನನ್ನ ಶೀಟ್ ತೋರಿಸಿದಾಗ ಅವರು ನಕ್ಕು, "ತಮ್ಮಾ, ಇದರಲ್ಲಿ ಮಗುವಿಗೆ ಜ್ವರ ಬಂದ ದಿನ ಎಲ್ಲಿದೆ?" ಎಂದರು. ನೌಕರಿಯಲ್ಲಿರುವ ತಾಯಿಗೆ ಇಲ್ಲಿ 2007ರ ಕಾಯ್ದೆಯ ಪ್ರಕಾರ ಮೂರು ತಿಂಗಳು ಸಂಬಳ ಸಹಿತ ಹೆರಿಗೆ ರಜೆ, ನಮ್ಮ ದೇಶದಲ್ಲಿ 2017ರಿಂದ 26 ವಾರ. ತನ್ನದೇ ವ್ಯಾಪಾರದವಳಿಗೆ ರಜೆ ಮಂಜೂರು ಮಾಡುವವರು ಯಾರು? ಎರಡನೇ ಮಗು ಹುಟ್ಟಿದ ಹದಿನೆಂಟನೇ ದಿನ ಅವರು ನಲವತ್ತು ಜನರ ಊಟ ಕಳಿಸಿದ್ದರಂತೆ. ಆರ್ಡರ್ ಬಿಟ್ಟರೆ ಗಿರಾಕಿ ಮತ್ತೆ ಬರುವುದಿಲ್ಲ ಎಂಬ ಹೆದರಿಕೆ.

ಆ ಊಟವನ್ನು ತಿಂದವರು ನಾವೇ. ಆಮೇಲೆ ಬೆಲೆ ಕೇಳಿ, "ನಮ್ಮವರೇ ಅಲ್ವಾ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಎಂದವರೂ ನಾವೇ. ವೆಸ್ಟ್‌ಲ್ಯಾಂಡ್ಸ್‌ನ ಹೋಟೆಲಿನಲ್ಲಿ ಎರಡು ದೋಸೆಗೆ ಬಿಲ್ಲು ಎಷ್ಟೇ ಬರಲಿ, ಟಿಪ್ಸ್ ಸೇರಿಸಿ ತೆಪ್ಪಗೆ ಕೊಟ್ಟು ಬರುತ್ತೇವೆ. ಮನೆಯಿಂದ ಮಾಡುವವಳ ಹತ್ತಿರ ಮಾತ್ರ ನಮಗೆ ಚೌಕಾಸಿ ನೆನಪಾಗುತ್ತದೆ. ಮನೆಯಲ್ಲೇ ಇರ್ತಾರಲ್ಲ, ಅವರಿಗೇನು ಖರ್ಚು ಅಂತ. ನಾನೂ ಒಮ್ಮೆ ಹಾಗೆ ಕೇಳಿದವನೇ. ಅದಕ್ಕೇ ಇಷ್ಟು ಜೋರಾಗಿ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ನನಗೆ ಪಾಠ ಹೇಳಿದವಳು ಲೋವರ್ ಕಬೇಟೆ ರಸ್ತೆಯ ಬದಿಯಲ್ಲಿ ತರಕಾರಿ ಮಾರುವ ನಮ್ಮ ಮಾಮಾ ಮ್ಬೋಗಾ. ಬೆಳಕು ಹರಿಯುವ ಮೊದಲೇ ಮಟಾಟುವಿನಲ್ಲಿ ವಾಂಗಿಗೆ ಮಾರುಕಟ್ಟೆಗೆ ಹೋಗಿ ಸೊಪ್ಪು ತರುತ್ತಾಳೆ. ಬೆನ್ನಿಗೆ ಲೆಸೋ ಬಟ್ಟೆಯಲ್ಲಿ ಕಟ್ಟಿಕೊಂಡ ಕೂಸು, ದೊಡ್ಡವನು ಶಾಲೆ ಬಿಟ್ಟು ಬಂದು ಪಕ್ಕದ ಕ್ರೇಟಿನ ಮೇಲೆ ಹೋಮ್‌ವರ್ಕ್ ಮಾಡುತ್ತಾನೆ. ಅವನನ್ನು ನೋಡಿದರೆ ನನಗೆ ಅವ್ವನ ಒಲೆಯ ಪಕ್ಕದ ನಾನೇ ಕಾಣುತ್ತೇನೆ. ಸುಕುಮಾ ವಿಕಿ ಸೊಪ್ಪನ್ನು ಹಾಗೇ ಕಟ್ಟು ಕೊಂಡರೆ ಒಂದು ಬೆಲೆ, ಸಣ್ಣಗೆ ಹೆಚ್ಚಿಸಿಕೊಂಡರೆ ಹತ್ತು ಶಿಲ್ಲಿಂಗ್ ಜಾಸ್ತಿ. ನಾನೊಮ್ಮೆ ತಮಾಷೆಗೆ "ಹೆಚ್ಚೋದಕ್ಕೂ ದುಡ್ಡಾ?" ಎಂದರೆ ಚಾಕು ನನ್ನ ಕಡೆ ಚಾಚಿ, ಹಾಗಾದರೆ ನೀನೇ ಹೆಚ್ಚಿಕೋ ಎಂದು ನಕ್ಕಳು! ವ್ಯಾಪಾರದ ದುಡ್ಡು ಎಂ-ಪೆಸಾದ ಪೋಚಿ ಲಾ ಬಿಯಾಶರಾಕ್ಕೆ, ಅದು ಮನೆಯ ದುಡ್ಡಿನ ಜೊತೆ ಬೆರೆಯುವುದಿಲ್ಲ. ವಾರಕ್ಕೊಮ್ಮೆ ಚಾಮಾಕ್ಕೆ ಕಂತು, ನಮ್ಮೂರ ಚೀಟಿ ಹಾಗೆಯೇ. ಎಂ.ಕಾಂ., ಬಿ.ಇ. ಸೇರಿ ನಾವು ಎರಡು ತಿಂಗಳಲ್ಲಿ ಕಂಡುಕೊಂಡದ್ದು ಅವಳಿಗೆ ಮೊದಲೇ ಗೊತ್ತಿತ್ತು.

ಇನ್ನೂ ಒಂದು ಸಾಲು ನನ್ನ ಶೀಟಿನಲ್ಲಿ ಬಿಟ್ಟುಹೋಗಿತ್ತು. ನಮ್ಮ ಚಿಕ್ಕವನನ್ನು ನೋಡಿಕೊಳ್ಳುವ ಆಯಾ. ಅವಳ ಇಬ್ಬರು ಮಕ್ಕಳು ಕಾಕಮೆಗಾ ಕಡೆಯ ಊರಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾರೆ. ನಮ್ಮ ಹೆಂಡಂದಿರು "ಮನೆಯಿಂದಲೇ" ವ್ಯಾಪಾರ ನಡೆಸುವಾಗ ಆ ಆರು ಗಂಟೆ ಮಗುವನ್ನು ಹಿಡಿಯುವವಳು ಇನ್ನೊಬ್ಬ ತಾಯಿ. ಆರ್ಡರ್ ಇದ್ದ ದಿನ ಅವಳೂ ಹೆಚ್ಚು ಹೊತ್ತು ನಿಲ್ಲುತ್ತಾಳೆ, ಹೆಚ್ಚಿನ ದುಡ್ಡು ಕೊಡುವವರು ಎಷ್ಟು ಮಂದಿ? ಹೋಳಿಗೆ ಮಾಡುವವಳ ಗಂಟೆಗೆ ಬೆಲೆ ಕೇಳುವ ನಾನು ಇದನ್ನು ಬಿಟ್ಟರೆ ಲೆಕ್ಕ ಮತ್ತೆ ಸುಳ್ಳಾಗುತ್ತದೆ.

ಗಂಡಸರ ಬಗ್ಗೆಯೂ ಒಂದೆರಡು ಮಾತು. "ನಾನು ಫುಲ್ ಸಪೋರ್ಟ್ ಮಾಡ್ತೀನಿ" ಎನ್ನುವವರಲ್ಲಿ ನಾನೂ ಒಬ್ಬ. 1981ರಲ್ಲಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಯಿಂದ ಇನ್ಫೋಸಿಸ್ ಶುರುವಾಯಿತು ಎಂಬ ಕಥೆ ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠ. ಆಗ ಅವರ ಮಗಳಿಗೆ ಒಂದು ವರ್ಷ. ಅವರೂ ಎಂಜಿನಿಯರ್, ಕಂಪನಿಗೆ ಸೇರುವ ಯೋಗ್ಯತೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಇಬ್ಬರೂ ಬೇಡ ಎಂದು ನಾರಾಯಣ ಮೂರ್ತಿಯವರು ನಿರ್ಧರಿಸಿದ್ದರಿಂದ ಹೊರಗುಳಿದರು. ಆ ನಿರ್ಧಾರ ತಪ್ಪಿತ್ತು ಎಂದು ಮೂರ್ತಿಯವರೇ 2024ರ ಜನವರಿಯಲ್ಲಿ ಟಿವಿ ಸಂದರ್ಶನವೊಂದರಲ್ಲಿ ಹೇಳಿದರು. ಹತ್ತಿರ ಹತ್ತಿರ 43 ವರ್ಷ ಆದಮೇಲೆ. ದೊಡ್ಡವರು ಒಪ್ಪಿಕೊಂಡದ್ದು ದೊಡ್ಡತನವೇ. ಆದರೆ ನಮಗೆ ಅಷ್ಟು ವರ್ಷ ಕಾಯುವ ಅಗತ್ಯವಿಲ್ಲ. ನಾನೀಗ ಶನಿವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಮಕ್ಕಳನ್ನು ಪೂರ್ತಿ ನೋಡಿಕೊಳ್ಳುತ್ತೇನೆ, ಫೋನು ಒಳಗಿಟ್ಟು. ಆ ಹೊತ್ತಿನಲ್ಲಿ ಅವಳು ಊರಿನ ಸಿ.ಎ. ಪರೀಕ್ಷೆಗೆ ಓದುತ್ತಾಳೆ. ಮೂರು ವಾರಕ್ಕೇ ನನಗೆ ಸುಸ್ತು.

ಸಂಘದ ಸಮಿತಿಯವರಿಗೆ ಒಂದು ಕೋರಿಕೆ. ದೀಪಾವಳಿ ಊಟದ ಆರ್ಡರನ್ನು ಆ ಅಕ್ಕನಿಗೇ ಕೊಡುವುದಾದರೆ ಅವರು ಹೇಳಿದ ಬೆಲೆಗೇ ಕೊಡೋಣ, ಅರ್ಧ ದುಡ್ಡು ಮುಂಗಡವಾಗಿ. ಅವತ್ತು ಹಾಲ್‌ನ ಹಿಂದಿನ ಕೋಣೆಯಲ್ಲಿ ಅವರ ಮಕ್ಕಳನ್ನು, ಬೇರೆಯವರ ಮಕ್ಕಳನ್ನೂ ನೋಡಿಕೊಳ್ಳಲು ನಾಲ್ಕು ಗಂಡಸರು ಬೇಕು. ನನ್ನ ಹೆಸರು ಬರೆದುಕೊಳ್ಳಿ, ಇನ್ನೂ ಮೂವರು ಬೇಕು. ಹಾಗೆಯೇ ವಲಸೆ ಕಾನೂನು ಬಲ್ಲ ವಕೀಲರೊಬ್ಬರನ್ನು ಒಂದು ಭಾನುವಾರ ಕರೆಸಿದರೆ ಡಿಪೆಂಡೆಂಟ್ ಪಾಸಿನವರು ಯಾವ ದಾರಿಯಲ್ಲಿ ಹೋಗಬಹುದು, ಯಾವುದರಲ್ಲಿ ಹೋಗಬಾರದು ಎಂದು ನೇರವಾಗಿ ಕೇಳಿ ತಿಳಿಯಬಹುದು. ಫೀಸನ್ನು ನಾವು ಹಂಚಿಕೊಳ್ಳೋಣ.

ಬೆಲೆ ಜಾಸ್ತಿ ಎನಿಸಿದವರು ಅಕ್ಕನಿಗೆ ಫೋನ್ ಮಾಡಬೇಡಿ, ನನಗೆ ಮಾಡಿ. ಎಕ್ಸೆಲ್ ಶೀಟ್ ಕಳಿಸುತ್ತೇನೆ.