ವಾಹನ ಧಣಿಯದು, ವಿಮೆ ಯಾರಿಗೆ?

ಉಪ್ಪುಂದದಂತಹ ಪೇಟೆಯ ವ್ಯಾಪಾರಕ್ಕೆ ಮೋಟಾರು ಸೈಕಲ್ ಇಂದು ತಕ್ಕಡಿಯಷ್ಟೇ ಅಗತ್ಯ. ಅಂಗಡಿಯ ನೌಕರ ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾದೊಡನೆ ಧಣಿಯ ಬೈಕಿನ ಕೀಲಿ ಅವನ ಕೈಸೇರುತ್ತದೆ; ಕಾಗದಪತ್ರಗಳ ವಿಚಾರ ಅಲ್ಲಿಗೇ ಮರೆತುಹೋಗುತ್ತದೆ.

ತೆರಿಗೆಯ ಚಿಂತೆ ಹೆಚ್ಚಿಲ್ಲ. ಕರ್ನಾಟಕದಲ್ಲಿ ದ್ವಿಚಕ್ರ ವಾಹನದ ಜೀವಾವಧಿ ತೆರಿಗೆ ನೋಂದಣಿಯ ಹೊತ್ತಿಗೇ ಸಂದಾಯವಾಗುತ್ತದೆ. ಹೊರರಾಜ್ಯದ ಹಳೆಯ ಬೈಕು ತಂದವರಿಗಷ್ಟೇ ಅದು ಮತ್ತೆ ತಲೆನೋವು.

ತೊಡಕಿರುವುದು ವಿಮೆಯಲ್ಲಿ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ 5 ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಇದನ್ನು ಕೇಳಿದವರು ಎಲ್ಲ ರಕ್ಷಣೆಯೂ 5 ವರ್ಷವೆಂದು ಭಾವಿಸುತ್ತಾರೆ. ಸ್ವಂತ ವಾಹನದ ಹಾನಿಯ ಭಾಗ ಬಹುವೇಳೆ ಒಂದೇ ವರ್ಷಕ್ಕೆ ಮುಗಿದಿರುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿ ಬೇರೆಯಿದೆ. 15 ಲಕ್ಷ ರೂಪಾಯಿಗಳ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಪರವಾನಗಿಯುಳ್ಳ ಮಾಲೀಕನಿಗೆ ಮಾತ್ರ. ಅಂಗಡಿಯ ಕೆಲಸಕ್ಕಾಗಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನವಿಡೀ ಓಡಾಡುವ ನೌಕರನಿಗೆ ಆ ಮೊತ್ತ ದೊರೆಯದು. ಸಾಲದ್ದಕ್ಕೆ, ಖಾಸಗಿ ದ್ವಿಚಕ್ರ ವಾಹನದ ಪಾಲಿಸಿಯ ಷರತ್ತಿನಲ್ಲಿ ಸರಕು ಸಾಗಣೆ ಹೊರಗುಳಿದಿದೆ. ಸ್ಯಾಂಪಲ್ಲುಗಳಿಗೆ ಅಡ್ಡಿಯಿಲ್ಲ! ಹಿಂದಿನ ಸೀಟಿಗೆ ಅಕ್ಕಿಮೂಟೆ ಬಿಗಿದು ಕಳುಹಿಸುವವರು ಆ ಸಾಲನ್ನೊಮ್ಮೆ ಓದಬೇಕು.

ವಿಮೆಯಿಲ್ಲದೆ ಮೊದಲ ಬಾರಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ದಂಡ 2,000 ರೂಪಾಯಿ; ಜೈಲುಶಿಕ್ಷೆಗೂ ಅವಕಾಶವಿದೆ. ಆದರೆ ಅಪಘಾತವಾದಲ್ಲಿ ನ್ಯಾಯಮಂಡಳಿ ವಿಧಿಸುವ ಪರಿಹಾರದ ಮುಂದೆ ಆ ದಂಡ ಏನೇನೂ ಅಲ್ಲ. ಅದನ್ನು ತೆರಬೇಕಾದವನು ಧಣಿಯೇ.

ಆದ್ದರಿಂದ ನೌಕರನಿಗೆ ಕೀಲಿ ಕೊಡುವ ಮುನ್ನ ವರ್ತಕ ಮಿತ್ರರು ಏಜೆಂಟರನ್ನು ಕರೆಸಿ, ಸಂಬಳದ ಸವಾರನಿಗಾಗಿ ಹೆಚ್ಚುವರಿ ಕಂತು ತೆತ್ತು ಅದನ್ನು ಪಾಲಿಸಿಯಲ್ಲಿ ನಮೂದಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಹಳೆಯ ಬೈಕು ಕೊಂಡವರಾದರೆ 14 ದಿನಗಳೊಳಗೆ ಪಾಲಿಸಿಯ ವರ್ಗಾವಣೆಗೂ ಅರ್ಜಿ ಸಲ್ಲಿಸತಕ್ಕದ್ದು.