ಮೊದಲ ಪ್ಲೇಟಿನಲ್ಲಿ ಇಲ್ಲದವರು

ಈ ಸಂಚಿಕೆಯ ಸಂಗೀತದ ಪುಟಗಳನ್ನು ಹಳೆಯ ರ‍್ಯಾಪ್ ರೆಕಾರ್ಡುಗಳಿಗೆ ಬಿಟ್ಟುಕೊಟ್ಟಿದ್ದೇವೆ. ಆ ಚರಿತ್ರೆ ಬರೆಯುವವರೆಲ್ಲ 1979ರಲ್ಲಿ ಬಂದು ನಿಲ್ಲುತ್ತಾರೆ. ಆ ವರ್ಷ ನ್ಯೂಜೆರ್ಸಿಯ ಶುಗರ್ ಹಿಲ್ ಕಂಪನಿ ಹೊರತಂದ ‘ರ‍್ಯಾಪರ್ಸ್ ಡಿಲೈಟ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 36ನೇ ಸ್ಥಾನದವರೆಗೆ ಏರಿತು, ಈ ಕಲೆ ಹುಟ್ಟಿದ ನ್ಯೂಯಾರ್ಕಿನ ಬ್ರಾಂಕ್ಸ್ ಎಲ್ಲಿದೆಯೆಂದು ತಿಳಿಯದವರ ಮನೆಯಲ್ಲೂ ಮೊಳಗಿತು. ಅದಕ್ಕೂ ಮೊದಲೇ ಫ್ಯಾಟ್‌ಬ್ಯಾಕ್ ಬ್ಯಾಂಡಿನ ‘ಕಿಂಗ್ ಟಿಮ್ ದಿ ಥರ್ಡ್’ ಬಂದಿತ್ತಲ್ಲ ಎಂದು ತಕರಾರು ತೆಗೆಯುವವರಿದ್ದಾರೆ. ಇರಲಿ, ಆ ಪಂದ್ಯ ನಮಗೆ ಬೇಡ. ಈ ಕಲೆಯನ್ನು ಕಟ್ಟಿದವರಲ್ಲಿ ಒಬ್ಬರೂ ‘ರ‍್ಯಾಪರ್ಸ್ ಡಿಲೈಟ್’ ಪ್ಲೇಟಿನಲ್ಲಿ ಯಾಕಿಲ್ಲ ಎಂಬುದು ನಮ್ಮ ಪ್ರಶ್ನೆ.

ಕಟ್ಟಿದವರೆಂದರೆ ಮೊದಲಿಗೆ ಡಿಜೆಗಳು. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520, ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ತಂಗಿ ಸಿಂಡಿ ಏರ್ಪಡಿಸಿದ ಪಾರ್ಟಿಗೆ ಹಾಡು ಹಾಕಿದವನು ಜಮೈಕಾದಿಂದ ಬಂದ ಹದಿನೆಂಟರ ಹುಡುಗ ಕೂಲ್ ಹರ್ಕ್. ಹಾಡಿನ ನಡುವೆ ಎಲ್ಲ ವಾದ್ಯ ನಿಂತು ಬರೀ ಡ್ರಮ್ ಉಳಿಯುವ ಕಡೆ ಕುಣಿಯುವವರಿಗೆ ಹುಚ್ಚು ಹಿಡಿಯುತ್ತಿತ್ತು. ಆ ತುಣುಕೋ ಕೆಲವೇ ಸೆಕೆಂಡಿನದು. ಹರ್ಕ್ ಒಂದೇ ಹಾಡಿನ ಎರಡು ಪ್ಲೇಟು ಇಟ್ಟುಕೊಂಡು, ಒಂದರಲ್ಲಿ ಡ್ರಮ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಶುರುಮಾಡಿ ಅದನ್ನು ನಿಮಿಷಗಟ್ಟಲೆ ಎಳೆದ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಇದಕ್ಕೆ ಲೆಕ್ಕ ತಂದ. ಪ್ಲೇಟಿನ ಮೇಲೆ ಬಳಪದಿಂದ ಗುರುತು ಹಾಕಿ, ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಡ್ರಮ್ ಸಿಗುತ್ತದೆಂದು ಕಣ್ಣಲ್ಲೇ ಅಳೆದ. ಪ್ಲೇಟಿಗೆ ಬೆರಳು ತಾಗಿಸಬಾರದು ಎಂಬ ಮಡಿಯನ್ನು ಮುರಿದ. ಮೈಕ್ ಹಿಡಿದು ಪ್ರಾಸ ಹೊಸೆಯುವವರು ಬೆಳೆದದ್ದು ಈ ಡಿಜೆಗಳ ಬೆನ್ನಿಗೆ. ರಾತ್ರಿಯಿಡೀ ನಡೆಯುವ ಇಂಥ ಆಟ ಕ್ಯಾಸೆಟ್ಟುಗಳಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು.

ಶುಗರ್ ಹಿಲ್‌ನ ಸಿಲ್ವಿಯಾ ರಾಬಿನ್‌ಸನ್ ಸ್ವತಃ ಹೆಸರಾಂತ ಗಾಯಕಿ. ಈ ಹೊಸ ಮಾತಿನ ಹಾಡಿಗೆ ಮಾರುಕಟ್ಟೆಯಿದೆ ಎಂದು ಬೇಗನೆ ಮೂಗಿಗೆ ವಾಸನೆ ಬಡಿದದ್ದು ಅವರಿಗೆ. ಮೂವರು ಹುಡುಗರನ್ನು ಹುಡುಕಿ ತಂದರು. ಡಿಜೆಯ ಗೊಡವೆಗೇ ಹೋಗಲಿಲ್ಲ. ಶೀಕ್ ತಂಡದ ‘ಗುಡ್ ಟೈಮ್ಸ್’ ಹಾಡಿನ ಬೇಸ್ ಗಿಟಾರನ್ನು ಸ್ಟುಡಿಯೋದಲ್ಲಿ ವಾದ್ಯದವರೇ ಮತ್ತೆ ನುಡಿಸಿದರು. ಹದಿನಾಲ್ಕು ನಿಮಿಷ ದಾಟುವ ‘ರ‍್ಯಾಪರ್ಸ್ ಡಿಲೈಟ್’ ತಯಾರಾಯಿತು.

ಮೂವರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವನು ಹಾಡಿದ ಪ್ರಾಸಗಳು ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕಾಜ್ ಬರೆದಿಟ್ಟವು. ಎರವಲು ತಂದವನು ಕಾಜ್‌ನ ಅಡ್ಡಹೆಸರನ್ನಾದರೂ ಬದಲಿಸಬಾರದಿತ್ತೆ? ಅದನ್ನೂ ಅಕ್ಷರ ಅಕ್ಷರ ಬಿಡಿಸಿ ಹೇಳಿಬಿಟ್ಟ! ಬೇರೆ ದಾಸರ ಪದವನ್ನು ಅವರ ಅಂಕಿತ ಸಮೇತ ಹಾಡಿ, ರಚನೆ ನನ್ನದೇ ಅಂದ ಹಾಗೆ. ‘ಗುಡ್ ಟೈಮ್ಸ್’ ಬರೆದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಕಾನೂನಿನ ಮಾತೆತ್ತಿ ರಚನಕಾರರ ಪಟ್ಟಿಗೆ ತಮ್ಮ ಹೆಸರು ಸೇರಿಸಿಕೊಂಡರು. ಕಾಜ್‌ನ ಹೆಸರು ಸೇರಲಿಲ್ಲ. ಅವರ ರಾಗಕ್ಕೆ ಅಚ್ಚಾದ ಪ್ಲೇಟಿನ ಸಾಕ್ಷಿ ಇತ್ತು. ಕಾಜ್ ಬಳಿ ಇದ್ದದ್ದು ಒಂದು ನೋಟ್‌ಬುಕ್ಕು.

ಹಾಗೆಂದು ಆ ಹಾಡನ್ನು ಕಳ್ಳಮಾಲು ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಇಂದಿಗೂ ಕೇಳಿದರೆ ಕಾಲು ಸುಮ್ಮನಿರುವುದಿಲ್ಲ. ಅದು ಗೆದ್ದಿದ್ದರಿಂದಲೇ ನಿಜವಾದ ಬ್ರಾಂಕ್ಸ್ ಹುಡುಗರಿಗೂ ಸ್ಟುಡಿಯೋ ಬಾಗಿಲು ತೆರೆಯಿತು. ಫ್ಲ್ಯಾಶ್ ಮತ್ತವನ ಫ್ಯೂರಿಯಸ್ ಫೈವ್ ತಂಡದವರು ಇದೇ ಶುಗರ್ ಹಿಲ್‌ಗೆ ಬಂದರು. 1981ರಲ್ಲಿ ಫ್ಲ್ಯಾಶ್ ಟರ್ನ್‌ಟೇಬಲ್‌ಗಳ ಮುಂದೆ ನಿಂತು, ಬೇರೆಯವರ ಪ್ಲೇಟುಗಳನ್ನೇ ವಾದ್ಯ ಮಾಡಿಕೊಂಡು ‘ವೀಲ್ಸ್ ಆಫ್ ಸ್ಟೀಲ್’ ಮುದ್ರಿಸಿದ. ಹರ್ಕ್ ತೆಗೆದ ದಾರಿ ಪ್ಲೇಟಿನ ಮೇಲೆ ಸರಿಯಾಗಿ ಕಾಣಿಸಿಕೊಂಡದ್ದು ಇಲ್ಲಿಯೇ. ಹೊಸಬರು ಇಲ್ಲಿಂದ ಶುರುಮಾಡಲಿ ಎಂಬುದು ನಮ್ಮ ಪಕ್ಷಪಾತದ ಸಲಹೆ. ‘ಗುಡ್ ಟೈಮ್ಸ್’ ಇದರಲ್ಲೂ ಇದೆ, ಆದರೆ ಯಾರೋ ಮತ್ತೆ ನುಡಿಸಿದ್ದಲ್ಲ, ಶೀಕ್ ತಂಡದ ಪ್ಲೇಟನ್ನೇ ಬೆರಳಲ್ಲಿ ಆಡಿಸಿದ್ದು.

‘ವೀಲ್ಸ್ ಆಫ್ ಸ್ಟೀಲ್’ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಲಿಲ್ಲ. ಮರುವರ್ಷ ಅದೇ ಕಂಪನಿ ‘ದಿ ಮೆಸೇಜ್’ ತಂದಿತು. ಮುರುಕು ಗಾಜು, ಇಲಿ, ಬಾಕಿ ಬಿದ್ದ ಸಾಲಗಳ ನಡುವಿನ ಬದುಕನ್ನು ಹಾಡಾಗಿಸಿದ ಆ ಪ್ಲೇಟು ರ‍್ಯಾಪಿನ ದಿಕ್ಕನ್ನೇ ತಿರುಗಿಸಿತು. ಲೇಬಲ್ಲಿನ ಮೇಲೆ ಎಲ್ಲರಿಗಿಂತ ಮುಂದೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂದು ಅಚ್ಚಾಗಿತ್ತು. ಹಾಡು ಹುಟ್ಟಿದ್ದು ಮುಖ್ಯವಾಗಿ ಡ್ಯೂಕ್ ಬೂಟಿ ಮತ್ತು ಮೆಲ್ಲಿ ಮೆಲ್ ಅವರಿಂದ. ಫ್ಲ್ಯಾಶ್‌ನ ಕೈಚಳಕಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.